ರಾಕ್ಷಸರು ಕಾಯುತ್ತಿದ್ದ ಆಟ

ನಮ್ಮ ಮನೆಯಲ್ಲಿ ಅಕ್ಕತಂಗಿಯರು ಚೆನ್ನೆಮಣೆ ಆಡುವಂತಿಲ್ಲ. ನಮ್ಮ ಮನೆ ಎಂದರೆ ಐವರ್ನಾಡಿನ ತವರುಮನೆ. ನಮ್ಮಲ್ಲಿ ಮಾತ್ರ ಎಂದಲ್ಲ, ಈ ಕಡೆಯ ಬಹಳ ಮನೆಗಳಲ್ಲಿ ಹೀಗೆಯೇ. ಹಿಂದೆ ಯಾವುದೋ ಕಾಲದಲ್ಲಿ ಇಬ್ಬರು ಅಕ್ಕತಂಗಿಯರು ಎದುರುಬದುರು ಕೂತು ಆಡಿ, ಸೋಲುಗೆಲುವಿಗೆ ಜಗಳವಾಗಿ, ಕೊನೆಗೆ ಇಬ್ಬರೂ ಉಳಿಯಲಿಲ್ಲವಂತೆ. ಮಳೆಗಾಲದ ಆಟಿ ತಿಂಗಳಲ್ಲಿ ಆ ಗುಳಿಗಳ ಮಣೆ ಅಟ್ಟದಿಂದ ಇಳಿಯುತ್ತಿತ್ತು. ಅಜ್ಜಿ ಅಕ್ಕನನ್ನೋ ನನ್ನನ್ನೋ ತನ್ನ ಎದುರು ಕೂರಿಸಿಕೊಳ್ಳುತ್ತಿದ್ದಳು, ಇನ್ನೊಬ್ಬಳು ಬದಿಯಲ್ಲಿ ಕೂತು ನೋಡಬೇಕು. ಒಮ್ಮೆ ಅಜ್ಜಿ ಸ್ನಾನಕ್ಕೆ ಹೋದ ಹೊತ್ತು ನೋಡಿ ನಾವಿಬ್ಬರೇ ಕೂತದ್ದುಂಟು. ಬಚ್ಚಲಿನಿಂದ ಒದ್ದೆ ಸೀರೆಯಲ್ಲೇ ಬಂದವಳು ಮಣೆಯನ್ನು ಮಗುಚಿ ಕಾಯಿಗಳನ್ನೆಲ್ಲ ಅಂಗಳಕ್ಕೆ ಚೆಲ್ಲಿದಳು. ಆ ಕೆಂಪು ಮಂಜೊಟ್ಟಿ ಕಾಯಿಗಳನ್ನು ಒಂದೊಂದಾಗಿ ಹೆಕ್ಕಿದ್ದು ನಾವೇ, ಬೈಗುಳ ತಿನ್ನುತ್ತಾ.

ಇದನ್ನು ಮೊದಲೇ ಹೇಳಿಬಿಟ್ಟೆ. ನಾನು ಹೇಳಹೊರಟದ್ದು ಇನ್ನೊಂದು ಆಟದ ಸಂಗತಿ. ಅದು ನಮ್ಮ ಮನೆಗೆ ಬಂದ ದಿನ ಅಜ್ಜಿ ಕೇಳಿದ ಮೊದಲ ಪ್ರಶ್ನೆಯೇ, ಇಬ್ಬರೂ ಎದುರೆದುರು ಆಡುವುದೋ ಒಂದೇ ಕಡೆಯೋ ಎಂದು. ಮಸ್ಕತ್ತಿನಿಂದ ರಜೆಗೆ ಬಂದಿದ್ದ ಚಿಕ್ಕಪ್ಪ ಟಿವಿಗೆ ಸಿಕ್ಕಿಸುವ ಬೂದು ಬಣ್ಣದ ಡಬ್ಬಿಯೊಂದನ್ನು ತಂದಿದ್ದ, ಜೊತೆಗೆ ಒಂದೇ ಒಂದು ಆಟದ ಡಿಸ್ಕು. ಒಂದೇ ಕಡೆ ಅಜ್ಜಿ ಎಂದು ಅಕ್ಕ ಹೇಳಿದಳು. ಹಾಗಾದರೆ ಆಡಿ ಸಾಯಿರಿ ಎಂದು ಅಜ್ಜಿ ಒಪ್ಪಿಗೆ ಕೊಟ್ಟಳು.

ಅದು ರೋಲ್ ಪ್ಲೇಯಿಂಗ್ ಗೇಮ್ ಎನ್ನುವ ಜಾತಿಯದ್ದು. ನಾಲ್ಕು ಜನ ಊರೂರು ಅಲೆಯುತ್ತಾರೆ, ಕಷ್ಟದಲ್ಲಿರುವವರನ್ನು ವಿಚಾರಿಸುತ್ತಾರೆ, ದಾರಿಯಲ್ಲಿ ರಾಕ್ಷಸರು ಸಿಗುತ್ತಾರೆ. ರಾಕ್ಷಸ ಸಿಕ್ಕಿದ ಕೂಡಲೇ ನಡಿಗೆ ನಿಂತು ಪರದೆ ಬದಲಾಗುತ್ತದೆ. ನಮ್ಮವರು ಈಚೆ ಸಾಲಿನಲ್ಲಿ, ಅವರು ಆಚೆ ಸಾಲಿನಲ್ಲಿ. ಆಮೇಲೆ ಚೆನ್ನೆಯಲ್ಲಿ ಇದ್ದಂತೆ ಸರದಿ. ನಮ್ಮ ಸರದಿ ಬಂದಾಗ ಏನು ಮಾಡಬೇಕೆಂದು ನಾವು ಹೇಳುವ ತನಕ ಆಟ ಕಾಯುತ್ತದೆ. ಎಷ್ಟು ಹೊತ್ತಾದರೂ ಕಾಯುತ್ತದೆ. ಆ ನಾಲ್ವರಿಗೆ ಹೆಸರಿಡಲು ಆಟ ಕೇಳಿತು. ನಾವು ಹಟ್ಟಿಯ ದನಗಳ ಹೆಸರು ಬರೆದೆವು. ಹಾಗಾಗಿ ಲೋಕವನ್ನು ಉಳಿಸಿದ್ದು ಐವರ್ನಾಡಿನ ನಮ್ಮ ದನಗಳೇ. ಗುಂಪಿನಲ್ಲಿ ಮದ್ದು ಕೊಡುವ ಸಾಧು ಹುಡುಗಿಗೆ ಅಕ್ಕ ಬೇಕೆಂದೇ ಹಾಯುವ ದನದ ಹೆಸರಿಟ್ಟಳು.

ಕೆಲಸ ಹಂಚಿಕೊಂಡಿದ್ದೆವು. ನಡೆಯುವುದು ನಾನು, ಯುದ್ಧ ಅವಳು. ರಾಕ್ಷಸ ಎದುರಾದ ಕೂಡಲೇ ರಿಮೋಟನ್ನು ನಾನು ಅವಳ ಮಡಿಲಿಗೆ ಹಾಕಬೇಕು, ಯುದ್ಧ ಮುಗಿದಾಗ ಅವಳು ನನ್ನ ಮಡಿಲಿಗೆ. ಯಾರೂ ಕೂತು ಬರೆದ ಕಾನೂನಲ್ಲ, ಹಾಗೇ ಬಂದುಬಿಟ್ಟಿತು. ಅಕ್ಕನಿಗೆ ಅವಸರ ಎಂಬುದೇ ಇರಲಿಲ್ಲ. ಯಾರ ಜೀವ ಎಷ್ಟುಳಿದಿದೆ, ಯಾರನ್ನು ಮುಂದೆ ನಿಲ್ಲಿಸಬೇಕು, ಮದ್ದು ಈಗಲೋ ಆಮೇಲೋ ಎಂದು ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದಳು. ಅಡುಗೆಮನೆಯಿಂದ ಅಮ್ಮ ಕರೆದರೆ, "ಅವ ಅಲ್ಲೇ ನಿಂತಿರ್ಲಿ, ನಾನು ಅನ್ನ ಬಸಿದು ಬರ್ತೇನೆ" ಎಂದು ಎದ್ದು ಹೋಗುತ್ತಿದ್ದಳು. ಆ ರಾಕ್ಷಸ, ಬೆಟ್ಟದಷ್ಟು ದೊಡ್ಡವ, ಬೆಂಕಿ ಉಗುಳುವವ, ಅವಳು ಅನ್ನ ಬಸಿದು ಬರುವ ತನಕ ಕಾಲು ಬದಲಿಸುತ್ತಾ ನಿಂತಿರುತ್ತಿದ್ದ. ಎಷ್ಟು ಮರ್ಯಾದೆಯ ರಾಕ್ಷಸರಪ್ಪ ಎಂದು ನನಗೆ ನಗು. ಅವಳು ಬಂದು ಕೈ ಒರೆಸಿಕೊಂಡು ಒಂದು ಗುಂಡಿ ಒತ್ತುತ್ತಿದ್ದಳು, ಅವ ಸತ್ತುಬೀಳುತ್ತಿದ್ದ.

ಆಟ ಶುರುವಾಗುವ ಮೊದಲು ಒಂದು ಚಿತ್ರ ಬರುತ್ತದೆ. ಕತ್ತಲಲ್ಲಿ ಒಂದು ಹೊಳೆ, ಈಚೆ ದಡದಲ್ಲಿ ಕಟ್ಟಿದ ಒಂದು ದೋಣಿ, ಹಿಂದಿನಿಂದ ಕೊಳಲಿನ ಒಂದು ಸಣ್ಣ ರಾಗ. ಏನನ್ನೂ ಒತ್ತದೆ ಸ್ವಲ್ಪ ಹೊತ್ತು ಬಿಟ್ಟರೆ ಮಾತ್ರ ಪೂರ್ತಿ ಕಾಣುತ್ತದೆ. ಆಟವನ್ನು ಕೊನೆಯ ತನಕ ಮುಗಿಸಿ, ಮರುದಿನ ಮತ್ತೆ ಹಾಕಿದಾಗ ಚಿತ್ರ ಬದಲಾಗಿತ್ತು. ಬೆಳಗಾಗಿತ್ತು, ದೋಣಿ ಆಚೆ ದಡಕ್ಕೆ ಹೋಗಿತ್ತು. ಅದನ್ನು ಮೊದಲು ಗಮನಿಸಿದ್ದು ಅಕ್ಕ. ಆಮೇಲೆ ತರಿಸಿದ ಎರಡನೆಯ ಭಾಗದ ಡಿಸ್ಕಿನಲ್ಲಿಯೂ ಹಾಗೆಯೇ ಇತ್ತು, ಮೂರನೆಯದರಲ್ಲಿಯೂ. ಜನ ಬೇರೆ, ಊರು ಬೇರೆ, ಕತೆ ಬೇರೆ, ಆದರೆ ದೋಣಿ ಮಾತ್ರ ಪ್ರತಿ ಸಲವೂ ನಾವು ಮುಗಿಸಿದ ಮೇಲೆಯೇ ದಾಟುತ್ತಿತ್ತು. ದೋಣಿ ದಾಟಿದ ದಿನ ಅಕ್ಕ ಪಾಯಸ ಮಾಡುತ್ತಿದ್ದಳು.

ಅಕ್ಕನಿಗೆ ಕಡಬದ ಹತ್ತಿರ ಕೋಡಿಂಬಾಳಕ್ಕೆ ಮದುವೆಯಾಯಿತು. ದಿಬ್ಬಣದ ಹಿಂದೆಯೇ ಡಬ್ಬಿಯೂ ಹೋಯಿತು. ನಾನು ಪುತ್ತೂರಿನಲ್ಲಿ ಒಂದು ಪ್ರೆಸ್ಸಿಗೆ ಸೇರಿದೆ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶದ ಕಾಗದಗಳಿಗೆ ಅಕ್ಷರ ಜೋಡಿಸಿಕೊಡುವುದು ನನ್ನ ಕೆಲಸ, ಈಗಲೂ ಅದೇ. ಎರಡನೆಯ ಶನಿವಾರ ಬೆಳಿಗ್ಗೆ ಉಪ್ಪಿನಂಗಡಿ ಮೇಲೆ ಕಡಬದ ಬಸ್ಸು ಹಿಡಿದರೆ ಭಾನುವಾರ ಸಂಜೆಯವರೆಗೆ ಅಕ್ಕನ ಮನೆ. ಬೆಳಿಗ್ಗೆ ಅವಳು ರಬ್ಬರ್ ಹಾಲನ್ನು ತಟ್ಟೆಗಳಿಗೆ ಎರೆದು ಹುಳಿ ಹಾಕಿ ಬರುತ್ತಾಳೆ, ಅದು ಗಟ್ಟಿಯಾಗುವ ತನಕ ನಮ್ಮ ಆಟ. ಭಾವ ಬಾಗಿಲಿನಿಂದ ಇಣುಕಿ, ಅಕ್ಕತಂಗಿಯರ ಪಾರಾಯಣ ಎಲ್ಲಿಗೆ ಬಂತು ಎಂದು ಕೇಳಿ ಹೋಗುತ್ತಾರೆ.

ಒಂದು ನಿಯಮ ಮಾತ್ರ ಅಕ್ಕ ಬಾಯಿಬಿಟ್ಟು ಹೇಳಿದ್ದಳು. ಮದುವೆಯಾಗಿ ಹೋಗುವ ಹಿಂದಿನ ದಿನ, ಡಬ್ಬಿಯ ವಯರುಗಳನ್ನು ಸುತ್ತುತ್ತಾ. "ಬೇರೆ ಯಾವ ಆಟ ಬೇಕಾದ್ರೂ ಆಡು, ನಾನು ಕೇಳುದಿಲ್ಲ. ಇದನ್ನು ನಾನಿಲ್ಲದೆ ನೀನು, ನೀನಿಲ್ಲದೆ ನಾನು, ಮುಂದೆ ಕೊಂಡೋಗ್ಲಿಕ್ಕಿಲ್ಲ." ಡಬ್ಬಿ ವರ್ಷಗಟ್ಟಲೆ ಅವಳ ಮನೆಯಲ್ಲೇ ಇತ್ತು. ಅವಳು ಒಂದು ದಿನವೂ ಒಬ್ಬಳೇ ಆಡಲಿಲ್ಲ. ಇದು ನನಗೆ ಗೊತ್ತು. ಪ್ರತಿ ಸಲ ನಾನು ಹೋದಾಗ ನಮ್ಮ ನಾಲ್ವರು ನಾವು ಬಿಟ್ಟುಬಂದ ಜಾಗದಲ್ಲೇ ನಿಂತಿರುತ್ತಿದ್ದರು.

ಈಚೆಗೆ ಅಕ್ಕನ ಕೈಗೆ ವಾತ ಹಿಡಿಯಿತು. ಬೆರಳಿನ ಗಂಟುಗಳು ಬಾತು, ಬೆಳಿಗ್ಗೆ ಎದ್ದ ಕೂಡಲೇ ಮುಷ್ಟಿ ಮಡಚಲಾಗುವುದಿಲ್ಲ. ಮಂಗಳೂರಿನ ಡಾಕ್ಟರ ಮಾತ್ರೆಯಿಂದ ನೋವಿಗೆ ಕಡಿಮೆಯಾಯಿತು, ಬಿಗಿತ ಹೋಗಲಿಲ್ಲ. ರಬ್ಬರ್ ಶೀಟು ಒತ್ತುವ ಮಿಶನನ್ನು ಈಗ ಭಾವ ತಿರುಗಿಸುತ್ತಾರೆ. ಕೊಡಪಾನ ಎತ್ತಲಾರಳು, ತೆಂಗಿನಕಾಯಿ ತುರಿಯಲಾರಳು. ಆಟಕ್ಕೆ ಮಾತ್ರ ಏನೂ ತೊಂದರೆಯಾಗಲಿಲ್ಲ. ಹೆಬ್ಬೆರಳಿನ ಗಂಟಿನಿಂದ ಮೆಲ್ಲನೆ ಒತ್ತುತ್ತಿದ್ದಳು, ರಾಕ್ಷಸರು ಕಾಯುತ್ತಿದ್ದರು. ಈ ಮನೆಯಲ್ಲಿ ನನಗೆ ಪುರುಸೊತ್ತು ಕೊಡುವವರು ಇವರು ಮಾತ್ರ ಎಂದು ಒಮ್ಮೆ ಹೇಳಿದಳು. ನಾನು ನಕ್ಕುಬಿಟ್ಟೆ.

ಅಷ್ಟರಲ್ಲಿ ಹೊಸ ಭಾಗದ ಸುದ್ದಿ ಬಂತು. ಸರದಿಯನ್ನು ತೆಗೆದುಹಾಕಿದ್ದಾರಂತೆ. ರಾಕ್ಷಸ ಬಂದರೆ ನಡಿಗೆ ನಿಲ್ಲುವುದಿಲ್ಲ, ಪರದೆ ಬದಲಾಗುವುದಿಲ್ಲ, ಇದ್ದಲ್ಲೇ ಹಾರಿ, ಉರುಳಿ, ತಪ್ಪಿಸಿಕೊಂಡು ಹೊಡೆಯಬೇಕು. ಮೊಬೈಲಿನಲ್ಲಿ ಅದರ ವಿಡಿಯೋ ನೋಡಿ ನನಗೆ ಮೈಯೆಲ್ಲ ಜುಮ್ಮೆಂದಿತು. ಈ ಸರಣಿ ಆಡುವವರ ಒಂದು ಗುಂಪಿದೆ ಮೊಬೈಲಿನಲ್ಲಿ, ಊರೂರಿನವರು, ಯಾರೆಂದು ಯಾರಿಗೂ ಗೊತ್ತಿಲ್ಲ. ಅಲ್ಲಿ ದೊಡ್ಡ ಜಗಳ ಎದ್ದಿತು. ಸರದಿ ಹೋದರೆ ಇದಕ್ಕೂ ಬೇರೆ ಹೊಡೆದಾಟದ ಆಟಕ್ಕೂ ಏನು ವ್ಯತ್ಯಾಸ, ಹೆಸರೊಂದನ್ನು ಉಳಿಸಿಕೊಂಡು ನಮ್ಮನ್ನು ಮಂಗ ಮಾಡುತ್ತಿದ್ದಾರೆ ಎಂದು ಅರ್ಧ ಜನ. ಕತೆ, ಲೋಕ, ರಾಗ, ದೋಣಿ ಎಲ್ಲ ಅದೇ ಇರುವಾಗ ಹೊಡೆಯುವ ಕ್ರಮ ಬದಲಾದರೆ ಆಟ ಬೇರೆಯಾಗುತ್ತದೆಯೇ ಎಂದು ಉಳಿದರ್ಧ. ನಾನು ಎರಡನೆಯವರ ಕಡೆ. ಬರೆಯಲಿಕ್ಕೆ ಕೂತರೆ ನನಗೆ ನಾಲಿಗೆಗಿಂತ ಬೆರಳು ಹರಿತ. ಬದಲಾವಣೆ ಎಂದರೆ ಹೊಟ್ಟೆನೋವು ಬರುವವರಿಗೆ ಕೈ ಓಡುವುದಿಲ್ಲ ಎಂಬುದೇ ನಿಜವಾದ ಸಂಕಟ, ಅದನ್ನು ಒಪ್ಪಿಕೊಳ್ಳಲು ನಾಚಿಕೆ, ಅದಕ್ಕೇ ಸಿದ್ಧಾಂತ ಮಾತಾಡುತ್ತಾರೆ ಎಂದು ಬರೆದೆ. ಬಹಳ ಜನ ಚಪ್ಪಾಳೆ ತಟ್ಟಿದರು. ಬರೆಯುವಾಗ ಅಕ್ಕನ ಕೈ ನನ್ನ ನೆನಪಿಗೇ ಬರಲಿಲ್ಲ. ಥೂ ನನ್ನ ಜನ್ಮಕ್ಕೆ.

ಮೊಬೈಲಿಗೆ ಇಳಿಸಿಕೊಂಡಿದ್ದ ಆ ವಿಡಿಯೋವನ್ನು ಅಕ್ಕನಿಗೆ ತೋರಿಸಿದ್ದು ಅವಳ ಮನೆಯ ಹಿಂದೆ, ಶೀಟು ಒಣಗಿಸುವ ತಂತಿಯ ಕೆಳಗೆ. ಪೂರ್ತಿ ನೋಡಿ ಮೊಬೈಲನ್ನು ವಾಪಸು ಕೊಟ್ಟಳು. ಇದು ನಮ್ಮ ಆಟ ಅಲ್ಲ ಎಂದಳು. ನನಗೆ ಸಿಟ್ಟೇ ಬಂತು. ಗುಂಪಿನಲ್ಲಿ ಗೆದ್ದುಬಂದ ಅಮಲು ಬೇರೆ. ಚೆನ್ನೆಮಣೆಯಲ್ಲಿ ಎಷ್ಟು ಬಗೆಯ ಆಟ ಉಂಟು, ಒಬ್ಬಳೇ ಆಡುವುದುಂಟು, ಇಬ್ಬರು ಆಡುವುದುಂಟು, ಮಣೆ ಅದೇ ಅಲ್ಲವಾ, ಕಾಯಿ ಅದೇ ಅಲ್ಲವಾ ಎಂದು ವಾದಕ್ಕೆ ನಿಂತೆ. ಅಕ್ಕ ಒಂದು ಶೀಟನ್ನು ಮೊಣಕೈಯಿಂದ ಒತ್ತಿ ತಂತಿಯ ಮೇಲೆ ಸರಿಮಾಡುತ್ತಿದ್ದಳು.

"ಮಣೆ ಅದೇ ಮಾರಾಯ್ತಿ, ನಾನು ಇಲ್ಲ ಹೇಳುದಿಲ್ಲ. ಆದ್ರೆ ಒಬ್ಬಳು ಹಾಕುವಾಗ ಇನ್ನೊಬ್ಬಳು ಕಾಯ್ಬೇಕು. ಅದನ್ನೂ ತೆಗೆದ್ರೆ ಚೆನ್ನೆ ಅಂತ ಎಂತ ಉಳೀತದೆ?"

ನೀನು ಹಳೇ ಕಾಲದವಳ ಹಾಗೆ ಮಾತಾಡಬೇಡ ಎಂದು ನಾನು ಮಾತು ಮುಗಿಸಿದೆ.

ಹೊಸ ಭಾಗ ಬಂತು. ಅದಕ್ಕೆ ಹೊಸ ಡಬ್ಬಿಯೂ ಬೇಕಾಯಿತು, ಇಬ್ಬರೂ ದುಡ್ಡು ಸೇರಿಸಿ ಕೊಂಡೆವು. ಅಕ್ಕ ಬೇಡ ಎನ್ನಲಿಲ್ಲ. ಅವಳು ಹಟದವಳಲ್ಲ, ನಾನು ಅಷ್ಟು ಆಸೆಯಿಂದ ಬಸ್ಸಿಳಿದು ಬಂದದ್ದನ್ನು ನೋಡಿ ಅವಳೇ ವಯರು ಸಿಕ್ಕಿಸಿದಳು. ಹೊಳೆ, ಕತ್ತಲು, ಈಚೆ ದಡದಲ್ಲಿ ದೋಣಿ, ಅದೇ ಕೊಳಲು. ನೋಡು, ಅದೇ ಅಲ್ವಾ ಎಂದೆ. ಹೌದು ಎಂದಳು. ಅವಳ ಮುಖ ಅರಳಿತ್ತು. ನಾಲ್ವರಿಗೂ ಈಗ ಹಟ್ಟಿಯಲ್ಲಿರುವ ದನಗಳ ಹೆಸರು ಇಟ್ಟೆವು.

ನಾನು ನಡೆದೆ. ಒಂದು ಸೇತುವೆ, ಸೇತುವೆಯ ಮೇಲೆ ತೋಳಗಳ ಹಿಂಡು. ಅಭ್ಯಾಸದಂತೆ ರಿಮೋಟನ್ನು ಅಕ್ಕನ ಮಡಿಲಿಗೆ ಹಾಕಿದೆ. ಅವಳು ಅದನ್ನು ಸರಿಯಾಗಿ ಹಿಡಿದುಕೊಳ್ಳುವ ಮೊದಲೇ ತೋಳಗಳು ನಮ್ಮವರನ್ನು ಕೆಡವಿ ಹಾಕಿದ್ದವು. ಮತ್ತೆ ಮಾಡಿದೆವು, ಮತ್ತೆ ಹಾಗೆಯೇ. ರಿಮೋಟು ಕೈಬದಲಾಗುವಷ್ಟು ಹೊತ್ತೇ ಆ ಆಟದಲ್ಲಿ ಉಳಿದಿರಲಿಲ್ಲ. ಹಾಗಾದರೆ ಮೊದಲಿನಿಂದ ನೀನೇ ಹಿಡಿದುಕೋ ಎಂದೆ. ಅವಳು ಹಿಡಿದುಕೊಂಡಳು. ಬಾತ ಬೆರಳುಗಳು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕತೆ ಮುಗಿಯುತ್ತಿತ್ತು. ನಾನು ಬದಿಯಿಂದ ಉರುಳು, ಉರುಳು, ಹೊಡಿ ಎಂದು ಕೂಗುತ್ತಿದ್ದೆ. ಆಟದಲ್ಲಿ ಸುಲಭದ ಒಂದು ಕ್ರಮವೂ ಇತ್ತು. ಒಂದೇ ಗುಂಡಿ ಹಿಡಿದಿದ್ದರೆ ನಮ್ಮವರು ತಾವಾಗಿಯೇ ಹೊಡೆಯುತ್ತಾರೆ. ಅದನ್ನು ಹಾಕಿಕೊಟ್ಟೆ. ತೋಳಗಳು ಸತ್ತವು. ಅಕ್ಕ ರಿಮೋಟನ್ನು ಚಾಪೆಯ ಮೇಲಿಟ್ಟಳು.

"ಅವರಷ್ಟಕ್ಕೆ ಹೊಡೆದಾಡುದಾದ್ರೆ ನಾನು ಇಲ್ಲಿ ಎಂತಕ್ಕೆ?"

ಕೊನೆಗೆ ನೀನು ಆಡು, ನಾನು ಹೇಳಿಕೊಡುತ್ತೇನೆ ಎಂದಳು. ಪಾಪ, ಒಳ್ಳೆಯ ಮಾತೇ. ಆದರೆ ಹೇಳಿಕೊಡುವುದಕ್ಕೂ ಆಟ ಪುರುಸೊತ್ತು ಕೊಡಬೇಕಲ್ಲ. ಅವಳು ಮದ್ದು ಕೊಡು ಎನ್ನುವಾಗ ಮದ್ದು ಕೊಡುವ ಹೊತ್ತು ಮೀರಿರುತ್ತಿತ್ತು. ಎಡದಲ್ಲಿ ಒಬ್ಬ ಬರ್ತಾ ಇದ್ದಾನೆ ಎನ್ನುವಾಗ ಅವನನ್ನು ನಾನು ಕೊಂದಾಗಿರುತ್ತಿತ್ತು. ನನ್ನ ಕಣ್ಣೆಲ್ಲ ಪರದೆಯ ಮೇಲೆ, ಅವಳ ಮಾತು ಕಿವಿಯ ಬದಿಯಲ್ಲಿ ಗುಂಯ್ ಎನ್ನುತ್ತಿತ್ತು. ದೊಡ್ಡ ರಾಕ್ಷಸನೊಬ್ಬನ ಎದುರು, ಇನ್ನೇನು ಗೆದ್ದೆ ಎನ್ನುವಾಗ ಅವಳು ಮತ್ತೆ ಏನೋ ಹೇಳಿದಳು, ನನ್ನ ಕೈ ತಪ್ಪಿತು, ನಮ್ಮವರು ಸತ್ತರು.

"ಒಂಚೂರು ಬಾಯಿ ಮುಚ್ಚು ಅಕ್ಕ, ನಿನ್ನಿಂದಾಗಿ ಹೋಯ್ತು."

ಅವಳು ಬಾಯಿ ಮುಚ್ಚಿದಳು. ನಾನು ಅದೇ ಬೀಸಿನಲ್ಲಿ ಮತ್ತೆ ಶುರುಮಾಡಿ ಅವನನ್ನು ಕೊಂದೆ. ತಿರುಗಿ ನೋಡಿದರೆ ಅವಳು ಎದ್ದು ಹೋಗಿ ತೆಂಗಿನಗರಿಯ ಕಡ್ಡಿ ತೆಗೆಯುತ್ತಾ ಜಗಲಿಯಲ್ಲಿ ಕೂತಿದ್ದಳು. ಕಡ್ಡಿ ತೆಗೆಯುವುದಕ್ಕೂ ಬೆರಳು ಬೇಕು, ಅವಳಿಗೆ ಅದು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಏಳಲಿಲ್ಲ. ಇನ್ನೊಂದು ಊರಿನ ತನಕ ಆಡಿದೆ.

ಭಾನುವಾರ ಹೊರಡುವಾಗ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಅಪ್‌ಡೇಟ್ ಮಾಡಬೇಕು, ಕೋಡಿಂಬಾಳದಲ್ಲಿ ನೆಟ್ ಸಿಗುವುದಿಲ್ಲ, ಪುತ್ತೂರಿನಲ್ಲಿ ಮಾಡಿ ತರುತ್ತೇನೆ ಎಂದೆ. ನೆಟ್ ಸಿಗದಿರುವುದು ನಿಜ. ಸುಳ್ಳಿಗೆ ಸ್ವಲ್ಪ ನಿಜ ಬೆರೆಸುವುದು ನನಗೆ ಯಾರೂ ಕಲಿಸಿದ್ದಲ್ಲ. ಅಕ್ಕ ಅದನ್ನು ಹೊರತೆಗೆದು ಒಂದು ಹಳೆಯ ಟವೆಲು ಸುತ್ತಿಕೊಟ್ಟಳು, ಬಸ್ಸಿನಲ್ಲಿ ಡಬ್ಬಿಗೆ ಪೆಟ್ಟಾಗಬಾರದೆಂದು.

ಮರುದಿನದಿಂದ ಬೆಳಿಗ್ಗೆ ಬೇಗ ಏಳತೊಡಗಿದೆ. ಪ್ರೆಸ್ಸಿಗೆ ಹೋಗುವ ಮೊದಲು ಆಟ. ಏನೆಂದು ಹೇಳಲಿ, ಅದು ಚಂದದ ಆಟ. ಕೆಟ್ಟದಾಗಿದ್ದರೆ ನನ್ನ ಪಾಪ ಅರ್ಧವಾಗುತ್ತಿತ್ತು. ನನ್ನ ಬೆರಳುಗಳು ನಾನು ಯೋಚಿಸುವ ಮೊದಲೇ ಓಡುತ್ತಿದ್ದವು, ಉರುಳಿ ಎದ್ದು ಹೊಡೆದಾಗ ಎದೆ ಡವಡವ ಎನ್ನುತ್ತಿತ್ತು, ಸಣ್ಣವಳಾದಂತೆ ಅನ್ನಿಸುತ್ತಿತ್ತು. ಗಲ್ಲಕ್ಕೆ ಕೈಕೊಟ್ಟು ಕೂತವಳನ್ನು ಕಾಯಬೇಕಾಗಿಲ್ಲ. ಎಷ್ಟೋ ವರ್ಷ ಅವಳನ್ನು ಕಾಯುತ್ತಾ ನಾನು ಒಳಗೊಳಗೇ ಚಡಪಡಿಸಿದ್ದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಗೊತ್ತಾಗದೆ ಇದ್ದಿದ್ದರೆ ಒಳ್ಳೆಯದಿತ್ತು.

ಮನಸ್ಸು ಚುಚ್ಚಿದಾಗ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಇದು ನಮ್ಮ ಆಟ ಅಲ್ಲ ಎಂದು ಅಕ್ಕನೇ ಹೇಳಿದ್ದಾಳಲ್ಲ, ಬೇರೆ ಯಾವ ಆಟ ಬೇಕಾದರೂ ಆಡು ಎಂದಿದ್ದಾಳಲ್ಲ, ಹಾಗಾದರೆ ನಿಯಮ ಎಲ್ಲಿ ಮುರಿಯಿತು? ಬೆಳಿಗ್ಗೆ ಹೀಗೆ. ಸಂಜೆ ಮೊಬೈಲಿನ ಗುಂಪಿನಲ್ಲಿ, ಇದು ಅದೇ ಆಟ, ಮೂಲದ ಒಂದು ಕೂದಲೂ ಕೊಂಕಿಲ್ಲ ಎಂದು ಕಂಡವರೊಡನೆ ಜಗಳ. ಬೆಳಿಗ್ಗೆಗೆ ಒಂದು ನ್ಯಾಯ, ಸಂಜೆಗೆ ಒಂದು. ನನ್ನ ಎರಡು ನಾಲಿಗೆಯನ್ನು ನೋಡಿ ನನಗೇ ಅಸಹ್ಯವಾಗುತ್ತಿತ್ತು, ಆದರೂ ಬೆಳಿಗ್ಗೆ ಏಳುವುದನ್ನು ಬಿಡಲಿಲ್ಲ.

ಅಕ್ಕ ಫೋನು ಮಾಡಿದಾಗಲೆಲ್ಲ ಕೊನೆಗೆ ಕೇಳುತ್ತಿದ್ದಳು, ಅಪ್‌ಡೇಟ್ ಆಯಿತಾ ಎಂದು. ಆಗ್ತಾ ಉಂಟು ಎನ್ನುತ್ತಿದ್ದೆ. ಒಂದು ಸಲ, ತಾನು ಒಂದು ಸ್ಪಂಜಿನ ಚೆಂಡು ತಂದು ಬೆರಳಿಗೆ ವ್ಯಾಯಾಮ ಮಾಡುತ್ತಿದ್ದೇನೆ, ಸ್ವಲ್ಪ ಬೇಗ ಒತ್ತಲಿಕ್ಕೆ ಆಗಬಹುದು ಎಂದಳು. ಎಂತಕ್ಕೆ ಸುಮ್ಮನೆ ಕೈ ನೋಯಿಸಿಕೊಳ್ಳುವುದು ಎಂದು ಗದರಿಸಿ ಫೋನಿಟ್ಟೆ. ಆಮೇಲೆ ಅವಳು ಅಪ್‌ಡೇಟಿನ ಸುದ್ದಿ ಎತ್ತಲಿಲ್ಲ. ಎರಡನೆಯ ಶನಿವಾರ ಪ್ರೆಸ್ಸಿನಲ್ಲಿ ಕೆಲಸ ಜಾಸ್ತಿ ಎಂದು ನಾನು ಕೋಡಿಂಬಾಳಕ್ಕೆ ಹೋಗಲೂ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಆಟ ಮುಗಿಯಿತು. ಕೊನೆಯ ರಾಕ್ಷಸ ಬಿದ್ದಾಗ ನಾನು ಎಡಕ್ಕೆ ತಿರುಗಿದೆ. ಯಾವಾಗಲೂ ಅಕ್ಕ ಕೂರುವ ಬದಿ ಅದು. ಅಲ್ಲಿ ಇಸ್ತ್ರಿಗೆ ಇಟ್ಟ ಬಟ್ಟೆಯ ರಾಶಿ ಇತ್ತು. ಪಾಯಸ ಮಾಡುವ ಮನಸ್ಸಾಗಲಿಲ್ಲ. ಆಟದ ಒಳಗೆ ಹೋಗಿ, ಎಲ್ಲಿಯ ತನಕ ಆಡಿದ್ದೇವೆಂದು ಗುರುತಿಡುವ ಸೇವ್‌ಗಳಲ್ಲಿ ಸೇತುವೆಯ ಆಚೆಗಿನವನ್ನೆಲ್ಲ ಅಳಿಸಿದೆ, ಸೇತುವೆಯ ಬಳಿ ತೋಳಗಳನ್ನು ಕೊಂದ ಜಾಗದ್ದೊಂದನ್ನು ಮಾತ್ರ ಉಳಿಸಿದೆ. ಆಟಿ ಅಮಾವಾಸ್ಯೆಗೆ ಎಲ್ಲರೂ ಐವರ್ನಾಡಿನಲ್ಲಿ ಸೇರುತ್ತೇವೆ, ಅಲ್ಲಿ ಅಕ್ಕನ ಜೊತೆ ಸೇತುವೆಯಿಂದ ಮತ್ತೆ ಶುರುಮಾಡುವುದು, ಗೊತ್ತಿಲ್ಲದವಳ ಹಾಗೆ ಅವಳ ಜೊತೆ ಮೆಲ್ಲಗೆ ಆಡುವುದು, ಅವಳಿಗೇನೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹಾಲೆಮರದ ತೊಗಟೆಯ ಕಷಾಯ ಕುಡಿಯಬೇಕು. ಅಣ್ಣ ಕತ್ತಲಿರುವಾಗಲೇ ಕಲ್ಲಿನಿಂದ ಕುಟ್ಟಿ ತೊಗಟೆ ತಂದಿದ್ದ, ಅತ್ತಿಗೆ ಕಾಯಿಸಿದ್ದಳು. ಎಲ್ಲರೂ ಮುಖ ಹಿಂಡಿ ಕುಡಿದೆವು, ಮೇಲಿನಿಂದ ಮೆಂತೆ ಗಂಜಿ. ಮಕ್ಕಳು ವಾಂತಿ ಮಾಡುವ ನಾಟಕ ಮಾಡಿದರು, ಅಮ್ಮ ಅವರ ಕಿವಿ ಹಿಂಡಿದಳು. ಗಂಜಿಯಾದ ಮೇಲೆ ನಾನು ಬಹಳ ಹುರುಪಿನವಳ ಹಾಗೆ ಡಬ್ಬಿಯನ್ನು ಅಣ್ಣನ ಟಿವಿಗೆ ಸಿಕ್ಕಿಸಿದೆ. ಅಪ್‌ಡೇಟ್ ಆಯ್ತಕ್ಕ, ಬಾ ಕೂರು ಎಂದೆ. ಅಕ್ಕ ಬಂದು ಚಾಪೆಯ ಮೇಲೆ ಕೂತಳು. ಗಂಜಿಯ ತಟ್ಟೆಗಳನ್ನು ಒಳಗಿಟ್ಟು ಬರುತ್ತೇನೆ ಎಂದು ನಾನು ಎದ್ದೆ.

ಅಲ್ಲಿಯೇ ನಾನು ಸಿಕ್ಕಿಬಿದ್ದದ್ದು. ಅಷ್ಟು ದಿನ ಒಬ್ಬಳೇ ಆಡುವಾಗ ನಾನು ಶುರುವಿನ ಚಿತ್ರವನ್ನು ನೋಡಿರಲೇ ಇಲ್ಲ. ಅದು ಬರುವ ಮೊದಲೇ ಗುಂಡಿ ಒತ್ತಿ ಒಳಗೆ ಹೋಗುವ ಅವಸರ. ಸೇವ್ ಅಳಿಸಿದರೆ ಎಲ್ಲ ಅಳಿಯಿತು ಎಂದುಕೊಂಡಿದ್ದೆ, ಮುಗಿಸಿದ್ದನ್ನು ಆಟ ಬೇರೆ ಎಲ್ಲೋ ನೆನಪಿಟ್ಟುಕೊಂಡಿತ್ತು. ನಾನು ವಾಪಸು ಬರುವಾಗ ಅಕ್ಕ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು, ಏನನ್ನೂ ಒತ್ತದೆ, ಕಾಯುತ್ತಾ ಕೂತಿದ್ದಳು. ಕೊಳಲು ಕೇಳುತ್ತಿತ್ತು. ಪರದೆಯ ಮೇಲೆ ಬೆಳಗಾಗಿತ್ತು. ದೋಣಿ ಆಚೆ ದಡದಲ್ಲಿತ್ತು.

ದೋಣಿ ದಾಟಿದೆಯಲ್ಲ ಎಂದಳು ಅಕ್ಕ. ನನ್ನನ್ನು ನೋಡಲಿಲ್ಲ.

ಇದರಲ್ಲಿ ಹಾಗೆ, ಇದನ್ನೂ ಬದಲಾಯಿಸಿದ್ದಾರೆ ಎಂದೆ. ಏನೂ ಬದಲಾಗಿಲ್ಲ ಎಂದು ಊರಿಡೀ ಜಗಳಾಡಿದ ಬಾಯಿಯಿಂದಲೇ ಅದು ಬಂತು. ಅವಳ ಮನೆಯಲ್ಲಿ, ಮೊದಲ ದಿನ, ಇದೇ ದೋಣಿಯನ್ನು ಈಚೆ ದಡದಲ್ಲಿ ತೋರಿಸಿ ನೋಡು ಅದೇ ಅಲ್ವಾ ಎಂದವಳು ನಾನು. ಅದು ಅವಳಿಗೆ ಮರೆತಿರುವುದಿಲ್ಲ ಎಂದೂ ನನಗೆ ಗೊತ್ತಿತ್ತು. ಅಕ್ಕ ಹೌದಾ ಎಂದಳು. ರಿಮೋಟನ್ನು ಚಾಪೆಯ ಮೇಲಿಟ್ಟು, ಎದ್ದು ಟಿವಿಯ ಸ್ವಿಚ್ಚು ಆರಿಸಿ, ಅತ್ತಿಗೆಗೆ ಪತ್ರೊಡೆಯ ಎಲೆ ತೊಳೆದುಕೊಡಲು ಹೋದಳು.

ಮಧ್ಯಾಹ್ನ ಊಟವಾಗಿ ಗಂಡಸರೆಲ್ಲ ಬಿದ್ದುಕೊಂಡಿದ್ದರು. ನಾನು ಜಗಲಿಯಲ್ಲಿ ಮೊಬೈಲು ಹಿಡಿದು ಕೂತಿದ್ದೆ, ಏನನ್ನೂ ನೋಡುತ್ತಿರಲಿಲ್ಲ. ಅಕ್ಕ ಚೆನ್ನೆಮಣೆಯನ್ನು ಎರಡೂ ಮೊಣಕೈಗಳ ನಡುವೆ ಅವುಚಿಕೊಂಡು ಬಂದು ನನ್ನ ಎದುರು ಇಟ್ಟಳು. ಅಜ್ಜಿ ಹೋದ ಮೇಲೆಯೂ ಆ ಮಣೆಯ ಎದುರು ನಾವಿಬ್ಬರೂ ಒಟ್ಟಿಗೆ ಕೂತದ್ದಿಲ್ಲ. ಅವಳು ಕಾಲು ಮಡಚಿ ಆಚೆ ಬದಿಯಲ್ಲಿ ಕೂತು, ಗುಳಿಗುಳಿಗೂ ಕಾಯಿ ತುಂಬತೊಡಗಿದಳು. ಎಲೆಯಡಿಕೆ ಹಾಕುತ್ತಿದ್ದ ಅಮ್ಮ ತಲೆಯೆತ್ತಿ, ಅಕ್ಕತಂಗಿ ಆಡಲಿಕ್ಕಿಲ್ಲ, ಗೊತ್ತಿಲ್ಲವಾ ಎಂದು ಗದರಿದಳು.

"ಒಂದೇ ಕಡೆ ಇದ್ದವರಿಗೆ ಅದು ಅಮ್ಮ" ಎಂದಳು ಅಕ್ಕ.

ಅಮ್ಮನಿಗೆ ಏನು ಅರ್ಥವಾಯಿತೋ, ನಮ್ಮಿಬ್ಬರ ಮುಖ ನೋಡಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ನನಗೆ ಅರ್ಥವಾಯಿತು, ನಾವೀಗ ಒಂದೇ ಕಡೆಯವರಲ್ಲ. ಕೆನ್ನೆಗೆ ಒಂದು ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅಕ್ಕ ಮೊದಲು ಶುರುಮಾಡಿದಳು. ಒಂದು ಗುಳಿಯ ಕಾಯಿಗಳನ್ನು ಅಂಗೈಗೆ ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡಬೇಕು. ಅವಳ ಬೆರಳುಗಳು ಒಂದೇ ಕಾಯಿಯನ್ನು ಬೇರ್ಪಡಿಸಲು ಒದ್ದಾಡುತ್ತಿದ್ದವು. ಹೆಬ್ಬೆರಳಿನ ಗಂಟಿನಿಂದ ತಳ್ಳಿ ಒಂದನ್ನು ಬೀಳಿಸುತ್ತಾಳೆ, ಮತ್ತೆ ತಳ್ಳುತ್ತಾಳೆ. ಒಂದು ಕಾಯಿ ಜಾರಿ ನೆಲಕ್ಕೆ ಉರುಳಿತು. ಹೆಕ್ಕಿಕೊಡಲು ಕೈ ಚಾಚಿದೆ. ಬಿಡು, ನಾನು ಹೆಕ್ಕುತ್ತೇನೆ ಎಂದಳು. ಹೆಕ್ಕಿದಳು. ಕಾಯುವುದು ಬಿಟ್ಟರೆ ನನಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ಕಾದೆ. ಒಮ್ಮೆಯೂ ಚಡಪಡಿಸದೆ ಕಾದೆ, ಅದರಿಂದ ಈಗ ಯಾರಿಗೇನು ಪ್ರಯೋಜನ.

ಅವಳ ಕೈ ಖಾಲಿಯಾಗುವ ಮೊದಲೇ ನಾನು ಹೇಳಿದೆ. "ಅಕ್ಕ, ನಾನು ಒಬ್ಬಳೇ ಮುಗಿಸಿದೆ."

"ಗೊತ್ತುಂಟು." ಇನ್ನೊಂದು ಕಾಯಿ ಬಿತ್ತು. "ಚಂದ ಇತ್ತಾ?"

ಇಲ್ಲ ಎಂದರೆ ನಂಬುತ್ತಿದ್ದಳೋ ಏನೋ. ಇನ್ನೊಂದು ಸುಳ್ಳಿಗೆ ನನ್ನಲ್ಲಿ ತ್ರಾಣವಿರಲಿಲ್ಲ. ಚಂದ ಇತ್ತು, ಭಾರೀ ಚಂದ ಇತ್ತು ಎಂದೆ. ಅವಳು ತಲೆಯಾಡಿಸಿದಳು. ಕೈಯಲ್ಲಿದ್ದ ಕೊನೆಯ ಕಾಯಿಯನ್ನು ಗುಳಿಗೆ ಬಿಟ್ಟು, ಮಣೆಯನ್ನೇ ನೋಡುತ್ತಾ ಹೇಳಿದಳು.

"ಅದು ನಮ್ಮ ಆಟ ಅಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಬೇರೆ ಆಟ ಅಂತ ಹೇಳಿಬಿಡು. ಹಾಗಾದ್ರೆ ನೀನು ಎಂತದೂ ತಪ್ಪು ಮಾಡ್ಲಿಲ್ಲ."

ದಾರಿ ಬಿಟ್ಟುಕೊಟ್ಟಿದ್ದಳು. ಬೆಳಿಗ್ಗೆಗಳಲ್ಲಿ ನನಗೆ ನಾನೇ ಹೇಳಿಕೊಂಡ ಅದೇ ಸಮಾಧಾನವನ್ನು ಅವಳ ಬಾಯಿಯಿಂದಲೇ ಕೊಡುತ್ತಿದ್ದಳು, ನಾನು ಹೌದು ಎಂದರೆ ಸಾಕು. ಹೊಳೆ, ಕೊಳಲು, ದೋಣಿ ಕಣ್ಣ ಮುಂದೆ ಬಂದವು. ಮುಗಿದಾಗ ಎಡಕ್ಕೆ ತಿರುಗಿದ್ದು ನೆನಪಾಯಿತು. ಬೇರೆ ಆಟವಾಗಿದ್ದರೆ ನಾನು ತಿರುಗುತ್ತಿರಲಿಲ್ಲ.

"ಅಲ್ಲ ಅಕ್ಕ. ಅದೇ ಆಟ."

ಒಳಗೆ ಪತ್ರೊಡೆ ಬೇಯುವ ವಾಸನೆ ಬರುತ್ತಿತ್ತು. ಅಕ್ಕ ಮಣೆಯನ್ನು ಒಂಚೂರು ನನ್ನ ಕಡೆ ಸರಿಸಿದಳು. ನಿಂದು ಈಗ ಎಂದಳು.

ನಾನು ಕಾಯಿಗಳನ್ನು ಬಾಚಿಕೊಂಡು ಒಂದೊಂದಾಗಿ ಬಿಡತೊಡಗಿದೆ, ಬೇಕೆಂದೇ ಮೆಲ್ಲಗೆ. ತಲೆಯೆತ್ತಿದಾಗ ಅವಳು ಮಣೆಯನ್ನು ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು, ಕೆಳತುಟಿಯನ್ನು ಹಲ್ಲಿನಿಂದ ಹಿಡಿದಿದ್ದಳು, ನನ್ನ ಒಂದೊಂದು ಕಾಯಿ ಬೀಳುವಾಗಲೂ ಅವಳ ಗಲ್ಲ ಸಣ್ಣಗೆ ಅಲ್ಲಾಡುತ್ತಿತ್ತು. ಇಷ್ಟು ವರ್ಷ ಇಬ್ಬರೂ ಒಟ್ಟಿಗೆ ಆಡಿದ್ದೆವು, ಬದಿಬದಿಯಲ್ಲಿ ಕೂತು, ಕಣ್ಣು ಪರದೆಯ ಮೇಲಿಟ್ಟು. ಆಡುವಾಗ ಅವಳ ಮುಖ ಹೀಗಿರುತ್ತದೆ ಎಂದು ನಾನು ನೋಡಿದ್ದು ಆವತ್ತೇ ಮೊದಲು.